ಬೋಲ್ಟು ಸಡಿಲವಾಗುವ ತನಕ

ಆರ್ವಿಡ್ ಕಾಂಗಸನ ಪಿಕಪ್ ಟ್ರಕ್ಕು ಜೂನ್ ತಿಂಗಳಿಂದಲೇ ಕಿರುಚುತ್ತಿತ್ತು. ಬಾನೆಟ್ ಎತ್ತಿದರೆ ಸಾಕು, ಎಂಜಿನ್ನಿನ ಮುಂದೆ ಬೆಲ್ಟು ಹೊತ್ತು ತಿರುಗುವ ಕ್ರ್ಯಾಂಕ್ ಪುಲ್ಲಿ ಕುಡಿದವನ ಹಾಗೆ ತೂರಾಡುವುದು ಯಾರ ಕಣ್ಣಿಗಾದರೂ ಬೀಳುತ್ತಿತ್ತು. ಅವನು ಎತ್ತುತ್ತಿದ್ದ, ನೋಡುತ್ತಿದ್ದ, "ಹೂಂ" ಎಂದು ಮುಚ್ಚುತ್ತಿದ್ದ. ಬೇಸಿಗೆಯೆಲ್ಲ ಹೀಗೇ ಕಳೆಯಿತು. ಅಕ್ಟೋಬರಿನ ಒಂದು ಶನಿವಾರ ಮಧ್ಯಾಹ್ನ ಮಾತ್ರ ಇದ್ದಕ್ಕಿದ್ದಂತೆ ಹಳೆಯ ಕೋಟು ಹಾಕಿಕೊಂಡು, ಆ ಪುಲ್ಲಿಯನ್ನು ಇವತ್ತೇ ಬದಲಾಯಿಸಬೇಕು ಎಂದು ಘೋಷಿಸಿದ.

ಹೆಂಡತಿ ಐಲಿ ನಿಸು ಬ್ರೆಡ್ಡಿಗೆ ಹಿಟ್ಟು ನಾದುತ್ತಿದ್ದಳು. "ನಾಲ್ಕು ತಿಂಗಳಿಂದ ಕುಣೀತಾ ಇದೆ ಅದು. ಇವತ್ತೇ ಕಣ್ಣಿಗೆ ಬಿತ್ತಾ?"

"ಹಿಮ ಬೀಳೋದ್ರೊಳಗೆ ಆಗ್ಬೇಕಲ್ಲ."

"ಹಿಮ ಬೀಳೋದ್ರೊಳಗೋ, ಸುಲೋ ಊರು ಬಿಡೋದ್ರೊಳಗೋ?"

ಆರ್ವಿಡ್ ಗುಂಡಿ ಹಾಕಿಕೊಳ್ಳುವುದರಲ್ಲಿ ಮುಳುಗಿದ. "ಪುಲ್ಲಿ ಎಳೆದು ತೆಗೆಯೋಕೆ ಪುಲ್ಲರ್ ಬೇಕು. ಅದು ಅವನ ಹತ್ರ ಇದೆ."

"ಅಂಗಡೀಲಿ ಬಾಡಿಗೆಗೆ ಕೊಡ್ತಾರಂತೆ."

"ಅಂಗಡೀದು ಸರಿ ಹೋಗಲ್ಲ."

"ಹೌದಪ್ಪಾ, ಎಲ್ಲಿ ಸುತ್ತಿದ್ರೂ ಹಳೇ ಗಂಡನ ಪಾದವೇ ಗತಿ. ಹೋಗು, ಹೋಗು" ಎಂದು ಐಲಿ ಹಿಟ್ಟಿಗೆ ಒಂದು ಗುದ್ದು ಗುದ್ದಿದಳು.

ಎದುರು ಮನೆಯ ಸುಲೋ ಹೆಯ್ಕಿನೆನ್ ಮರುದಿನ ಬೆಳಿಗ್ಗೆ ಡುಲೂತ್‌ನಲ್ಲಿದ್ದ ಮಗಳ ಮನೆಗೆ ಹೊರಡುವವನಿದ್ದ. ಕಣ್ಣು ಮಂದವಾಗಿ ಕಾರು ಓಡಿಸುವುದು ನಿಂತಿತ್ತು, ಮನೆ ಮಾರಾಟವಾಗಿತ್ತು. ಅವನಿಗೂ ಆರ್ವಿಡ್‌ಗೂ ಒಂಬತ್ತು ವರ್ಷದಿಂದ ಮಾತಿರಲಿಲ್ಲ. ಚಳಿಗಾಲದಲ್ಲಿ ಇಬ್ಬರೂ ಒಂದೇ ಹೊತ್ತಿಗೆ ಸಲಿಕೆ ಹಿಡಿದು ಹೊರಗೆ ಬರುತ್ತಿದ್ದರು, ಒಬ್ಬರಿಗೊಬ್ಬರು ಬೆನ್ನು ಹಾಕಿ ಹಿಮ ಎತ್ತಿ ಒಳಗೆ ಹೋಗುತ್ತಿದ್ದರು. ತಪ್ಪು ಆರ್ವಿಡ್‌ನದು. ಅದು ಗೊತ್ತಿದ್ದುದು ಆರ್ವಿಡ್‌ಗೆ ಮಾತ್ರ, ಅಥವಾ ಹಾಗೆಂದು ಅವನು ತಿಳಿದಿದ್ದ. ಇವತ್ತು ಹೇಳದಿದ್ದರೆ ಇನ್ನು ಹೇಳುವ ದಿನವೇ ಇರಲಿಲ್ಲ.

ಇಬ್ಬರೂ ಹುಟ್ಟಿದ್ದು ಅದೇ ಗುಡ್ಡದ ಮೇಲೆ, ತಾಮ್ರದ ಗಣಿಯವರು ಕೆಲಸಗಾರರಿಗೆ ಕಟ್ಟಿಸಿದ ಸಾಲುಮನೆಗಳಲ್ಲಿ. ಇಬ್ಬರ ಅಪ್ಪಂದಿರೂ ಫಿನ್ಲೆಂಡಿನಿಂದ ಒಂದೇ ಹಡಗಿನಲ್ಲಿ ಬಂದವರು. ಆರ್ವಿಡ್ ಹದಿನೆಂಟಕ್ಕೇ ಗಣಿಗಿಳಿದ. ಸುಲೋ ಮೇಲೆ ವರ್ಕ್‌ಶಾಪಿನಲ್ಲಿ ಲೇತ್ ಹಿಡಿದ. ಗಣಿ ಮುಚ್ಚಿದ ಮೇಲೆ ಆರ್ವಿಡ್ ಇಪ್ಪತ್ತು ಚಳಿಗಾಲ ಕೌಂಟಿಯ ಹಿಮ ತಳ್ಳುವ ಲಾರಿ ಓಡಿಸಿದ. ಬೆಳಗಿನ ಜಾವ ತನ್ನ ಬೀದಿಗೆ ಬಂದರೆ ಸುಲೋನ ಬಾಗಿಲ ಮುಂದೆ ಬೇಕೆಂದೇ ಒಂದು ರಾಶಿ ಹಿಮ ಹೆಚ್ಚಾಗಿ ಬಿಟ್ಟು ಹೋಗುತ್ತಿದ್ದ. ಸುಲೋ ಕಿಟಕಿ ತೆರೆದು ಫಿನ್ನಿಷ್ ಭಾಷೆಯಲ್ಲಿ ಬೈಯುತ್ತಿದ್ದ. ಆ ಬೈಗುಳ ಕೇಳದೆ ಆರ್ವಿಡ್‌ಗೆ ಬೆಳಗಾದಂತೆ ಆಗುತ್ತಿರಲಿಲ್ಲ.

ಆಗಿನ ಶನಿವಾರಗಳೇ ಬೇರೆ. ರಸ್ತೆಗೆ ಎರಚುವ ಉಪ್ಪು ತಿಂದು ತಿಂದು ಯಾರ ಕಾರೂ ನೆಟ್ಟಗಿರುತ್ತಿರಲಿಲ್ಲ. ಮೆಕ್ಯಾನಿಕ್ಕಿಗೆ ಕೊಡುವುದು ನಾಚಿಕೆಗೇಡು ಎಂದುಕೊಂಡ ಜನ ಬೇರೆ. ಹಾಗಾಗಿ ಬೆಳಿಗ್ಗೆ ಎಂಟಕ್ಕೆ ಬೀದಿಯ ಉದ್ದಕ್ಕೂ ಬಾನೆಟ್ಟುಗಳು ಬಾಯಿ ತೆರೆದಿರುತ್ತಿದ್ದವು. ಸಂಜೆ ನಾಲ್ಕಕ್ಕೆ ಹಿತ್ತಿಲುಗಳಲ್ಲಿ ಸೌನಾದ ಒಲೆಗಳು ಹೊತ್ತಿಕೊಳ್ಳುತ್ತಿದ್ದವು. ಗ್ರೀಸು ಮೆತ್ತಿದ ಗಂಡಸರು ಆ ಮರದ ಗೂಡಿನಲ್ಲಿ ಕೂತು, ಕಾದ ಕಲ್ಲಿಗೆ ನೀರು ಎರಚಿ, ಹಬೆಯಲ್ಲಿ ಬೆಂದು, ಕೆಂಪಗಾಗಿ ಹೊರಬರುತ್ತಿದ್ದರು. ಆಮೇಲೆ ಕಾಫಿ, ನಿಸು. ಒಂದು ವಾರ ಕಾಂಗಸನ ಸೌನಾ, ಒಂದು ವಾರ ಹೆಯ್ಕಿನೆನ್ ಸೌನಾ. ಇಂಥ ಸುಖ ಇನ್ನೊಮ್ಮೆ ಸಿಗುವುದಿಲ್ಲ ಎಂದು ಆಗ ಯಾರಿಗೂ ಹೊಳೆದಿರಲಿಲ್ಲ.

ಬೀದಿಗೆಲ್ಲ ಒಂದೇ ಪುಲ್ಲರ್ ಇತ್ತು. ಐವತ್ತಾರನೇ ಇಸವಿಯಲ್ಲಿ ಊಟದ ಬಿಡುವಿನಲ್ಲಿ ಸುಲೋ ಗಣಿಯ ಗುಜರಿ ಉಕ್ಕಿನಿಂದ ಮಾಡಿದ್ದು. ದಪ್ಪ ಉಕ್ಕಿನ ಬಿಲ್ಲೆ, ಅದರಲ್ಲಿ ಬೋಲ್ಟು ತೂರಿಸಲು ಮೂರು ಸೀಳು, ನಡುವೆ ಒಂದು ಉದ್ದ ಸ್ಕ್ರೂ. ಪುಲ್ಲಿಯ ನಡುಭಾಗಕ್ಕೆ ಅದನ್ನು ಮೂರು ಬೋಲ್ಟಿನಿಂದ ಕಟ್ಟಿ ಸ್ಕ್ರೂ ತಿರುಗಿಸಿದರೆ ಪುಲ್ಲಿ ಬೆಣ್ಣೆಯ ಹಾಗೆ ಜಾರಿ ಬರುತ್ತಿತ್ತು. ಯಾರು ಕೊನೆಗೆ ಬಳಸಿದರೋ ಅವರ ಮನೆಯಲ್ಲೇ ಅದು ಇರಬೇಕು. ಇನ್ನೊಬ್ಬರಿಗೆ ಬೇಕಾದರೆ ಕೊಟ್ಟವನು ಜೊತೆಗೆ ಹೋಗಿ, ಪುಲ್ಲಿಯ ನಡುವಿನ ದೊಡ್ಡ ಬೋಲ್ಟು ಸಡಿಲವಾಗುವ ತನಕ ನಿಲ್ಲಬೇಕು. ಗಾಡಿಯನ್ನು ಗೇರಿನಲ್ಲಿಟ್ಟು ಒಬ್ಬ ಬ್ರೇಕ್ ಅದುಮಿ ಕೂರದಿದ್ದರೆ ಎಂಜಿನ್ ತಿರುಗಿಬಿಡುತ್ತದೆ, ಬೋಲ್ಟು ಬರುವುದಿಲ್ಲ. ಬೋಲ್ಟು ಬಂದ ಮೇಲೆ ಅವನು ಮನೆಗೆ ಹೋಗಬಹುದು. ಯಾರೂ ಹೋಗುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಎಂಬತ್ತೆಂಟರ ಆಗಸ್ಟಿನಲ್ಲಿ ಸುಲೋನ ಕಾರು ಎಣ್ಣೆ ಸೋರುತ್ತಿತ್ತು. ಪುಲ್ಲಿ ತೆಗೆದು ಅದರ ಹಿಂದಿರುವ, ಎಣ್ಣೆ ತಡೆಯುವ ಸೀಲು ಬದಲಿಸಬೇಕಾಗಿತ್ತು. ಮುಂದಿನ ಶನಿವಾರ ದೂರದ ಪಟ್ಟಣವೊಂದರಲ್ಲಿ ಅವನ ಮಗಳು ಮಾರ್ಲೀನಳ ಮದುವೆ. ಸೂಟು ಹೊಲಿಸಲು ಹೋದ ಸುಲೋ, ಕೆಲಸವನ್ನು ಆರ್ವಿಡ್‌ಗೆ ಒಪ್ಪಿಸಿ ಹೋದ. ಪುಲ್ಲರ್ ಬೀದಿಯ ಆ ತುದಿಯ ಮನೆಯಲ್ಲಿತ್ತು. ಅದನ್ನು ತರಲು ಹೋದರೆ ಆ ಮನೆಯವನು ಕಾಫಿ ಕುಡಿಸಿ, ಟೋಪಿ ಹುಡುಕಿ, ಜೊತೆಗೆ ಬಂದು ನಿಲ್ಲುವಷ್ಟರಲ್ಲಿ ಒಂದು ಗಂಟೆ. ಇತ್ತ ಆರ್ವಿಡ್‌ನ ಸೌನಾ ಹದವಾಗಿ ಕಾದಿತ್ತು. ಐಲಿಯನ್ನು ಕರೆದು ಬ್ರೇಕಿನ ಮೇಲೆ ಕೂರಿಸಿ ಬೋಲ್ಟು ಬಿಚ್ಚಿದ. ಆಮೇಲೆ ತನ್ನ ಪೆಟ್ಟಿಗೆಯಲ್ಲಿದ್ದ ಮೂರು ಕೊಕ್ಕೆಯ ಅಗ್ಗದ ಪುಲ್ಲರನ್ನು ಪುಲ್ಲಿಯ ಹೊರ ಅಂಚಿಗೆ ಸಿಕ್ಕಿಸಿ ಎಳೆದ. ಅಂಚು ಹಿಡಿದು ಎಳೆಯಬಾರದು ಎಂದು ಆ ಬೀದಿಯ ಬೆಕ್ಕಿಗೂ ಗೊತ್ತಿತ್ತು. ನಡುಭಾಗಕ್ಕೂ ಹೊರ ಉಂಗುರಕ್ಕೂ ನಡುವೆ ರಬ್ಬರ್ ಇರುತ್ತದೆ. ಅದು ಒಳಗೇ ಹರಿಯಿತು. ಉಂಗುರ ಒಂದು ಬೆರಳಷ್ಟು ಜಾರಿತು, ಎಂಜಿನ್ನಿನ ಕಿಡಿ ಯಾವಾಗ ಹಾರಬೇಕೆಂದು ತೋರಿಸುವ, ಅದರ ಮೇಲಿನ ಗುರುತೂ ಜೊತೆಗೆ ಜಾರಿತು. ಆರ್ವಿಡ್ ಅದನ್ನೇ ಮತ್ತೆ ಕೂರಿಸಿ, ಆ ಸುಳ್ಳು ಗುರುತಿಗೆ ಕಿಡಿಯ ಹೊತ್ತು ಹೊಂದಿಸಿ, ಸೌನಾಕ್ಕೆ ಓಡಿದ.

ಮದುವೆಯ ದಿನ, ಕಿಡಿಯ ಹೊತ್ತು ತಪ್ಪಿ, ಸುಲೋನ ಕಾರು ಅರ್ಧ ದಾರಿಯಲ್ಲಿ ಕುದಿದು ನಿಂತಿತು. ಅವನು ಚರ್ಚು ಮುಟ್ಟುವಷ್ಟರಲ್ಲಿ ಮಗಳನ್ನು ಚಿಕ್ಕಪ್ಪ ಕೈಹಿಡಿದು ನಡೆಸಿಯಾಗಿತ್ತು. ವಾಪಸು ಬಂದ ಸುಲೋ ಬೀದಿಯಲ್ಲಿ ನಿಂತು ಕೇಳಿದ: "ಏನು ಮಾಡಿದ್ದೆ ಅದಕ್ಕೆ?" ಆರ್ವಿಡ್ ತಕ್ಷಣ, "ರೇಡಿಯೇಟರಿಗೆ ನೀರು ಹಾಕ್ಕೊಂಡು ಹೋಗ್ಬೇಕು ಅನ್ನೋದೂ ನಾನೇ ಹೇಳ್ಬೇಕಾ?" ಎಂದುಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಆಮೇಲೆ ಬೀದಿಯ ಜನ ಒಬ್ಬೊಬ್ಬರಾಗಿ ಸತ್ತರು, ಸೌನಾಗಳು ಉಗ್ರಾಣಗಳಾದವು. ಪುಲ್ಲರ್ ತಿರುಗಿ ತಿರುಗಿ ಮಾಡಿದವನ ಮನೆಗೇ ಬಂದು ಸೇರಿತು.

ಸುಲೋನ ಗ್ಯಾರೇಜಿನಲ್ಲಿ ಎಲ್ಲವೂ ಪೆಟ್ಟಿಗೆ ಸೇರಿತ್ತು. ಗೋಡೆಯ ಮೊಳೆಯಲ್ಲಿ ಪುಲ್ಲರ್ ಮಾತ್ರ ನೇತಾಡುತ್ತಿತ್ತು.

"ಯಾರದು ಬಾಗಿಲಲ್ಲಿ?"

"ನಾನು. ಆರ್ವಿಡ್."

"ಯಾವ ಆರ್ವಿಡ್?"

"ಎದುರು ಮನೆಯವನು."

"ಓಹೋ. ಆ ಮನೇಲಿ ಇನ್ನೂ ಜನ ಇದ್ದಾರಾ?"

"ಪುಲ್ಲರ್ ಬೇಕಿತ್ತು."

ಸುಲೋ ತಡವರಿಸಿ ಟೋಪಿ ಹುಡುಕಿ ತಲೆಗೇರಿಸಿದ. "ನಡಿ. ಬೋಲ್ಟು ಸಡಿಲವಾಗೋ ತನಕ ನಿಲ್ಬೇಕಲ್ಲ. ನಿಯಮ ಮುರಿಯೋನು ನಾನಲ್ಲ." ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಆರ್ವಿಡ್‌ನ ಕಿವಿ ಬಿಸಿಯಾಯಿತು.

ಅವನು ಟ್ರಕ್ಕಿನ ಬೆಲ್ಟು ಬಿಚ್ಚಿದ. ಸುಲೋ ಚಾಲಕನ ಸೀಟಿನಲ್ಲಿ ಕೂತು ಗೇರು ಹಾಕಿ ಬ್ರೇಕ್ ಅದುಮಿದ. ಆರ್ವಿಡ್ ಮುಂದೆ ಮಂಡಿಯೂರಿ, ಬೋಲ್ಟಿಗೆ ಪಾನಾ ಕೂರಿಸಿ, ಪಾನಾದ ಹಿಡಿಗೆ ಮಾರುದ್ದದ ಪೈಪು ತೂರಿಸಿದ. ಹದಿನೆಂಟು ವರ್ಷದ ಉಪ್ಪು, ತುಕ್ಕು. ಸುಲಭಕ್ಕೆ ಬರುವುದಿಲ್ಲ, ಒಂದು ಗಂಟೆಯಾದರೂ ಬೇಕು, ಅಷ್ಟರಲ್ಲಿ ಹೇಗಾದರೂ ಬಾಯಿ ಬಿಡುತ್ತೇನೆ ಎಂದು ಲೆಕ್ಕ ಹಾಕಿದ್ದ. ಪೈಪಿನ ಮೇಲೆ ಮೈಭಾರ ಹಾಕಿದ.

ಟಣ್!

ಮೊದಲ ಎಳೆತಕ್ಕೇ ಬಂದುಬಿಟ್ಟಿತು. ಟ್ರಕ್ಕು ಇಡೀ ಒಮ್ಮೆ ಜೋಲಾಡಿತು. ಅಡುಗೆಮನೆಯ ಕಿಟಕಿಯಲ್ಲಿ ಐಲಿಯ ತಲೆ ಕಾಣಿಸಿತು. ಆರ್ವಿಡ್ ಪೈಪು ಹಿಡಿದು ಹಾಗೆಯೇ ಕೂತ. ಇನ್ನೇನು ಸುಲೋ ಇಳಿದು, ಟೋಪಿ ಸರಿ ಮಾಡಿಕೊಂಡು, ರಸ್ತೆ ದಾಟಿ ಹೋಗುತ್ತಾನೆ.

"ಬಂತಾ?" ಒಳಗಿನಿಂದ ಸುಲೋ ಕೇಳಿದ.

"ಇಲ್ಲ" ಎಂದ ಆರ್ವಿಡ್.

ನಲವತ್ತು ವರ್ಷ ಕಬ್ಬಿಣದ ಸದ್ದಿನಲ್ಲೇ ಬದುಕಿದ ಸುಲೋ ಸೀಟಿನಲ್ಲಿ ಇನ್ನಷ್ಟು ಸರಿಯಾಗಿ ಕೂತುಕೊಂಡ. ಆಮೇಲೆ, "ಹಾಗಾದ್ರೆ ಅದುಮ್ಕೊಂಡಿರ್ತೀನಿ" ಎಂದ.

"ಸುಲೋ..."

"ಹೂಂ."

"ನಿನ್ನ ಪುಲ್ಲೀನ ನಾನು ಅಂಚು ಹಿಡಿದು ಎಳೆದಿದ್ದೆ ಕಣೋ. ನೀರಿನ ಮಾತು ಸುಳ್ಳು. ಸೌನಾ ಕಾದಿತ್ತು, ಅವಸರಕ್ಕೆ ಬಿದ್ದೆ."

"ಗೊತ್ತು. ಮದುವೆ ಆದ ವಾರವೇ ಬಿಚ್ಚಿ ನೋಡ್ದೆ. ಅಂಚಿನ ಮೇಲೆ ಮೂರು ಕೊಕ್ಕೆ ಗುರುತಿತ್ತು."

"ಮತ್ತೆ ಯಾಕೆ ಸುಮ್ನಿದ್ದೆ ಮಾರಾಯ?"

"ನೀನೇ ಬಂದು ಹೇಳ್ತೀಯ ಅಂತ ಕಾದೆ. ಒಂದು ವಾರ ಕಾದೆ, ಒಂದು ತಿಂಗಳು ಕಾದೆ. ಆಮೇಲೆ ಅಭ್ಯಾಸ ಆಗ್ಹೋಯ್ತು." ಸುಲೋ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಅವಳು ನನ್ನ ಕೈ ಹಿಡ್ಕೊಂಡು ನಡೀಬೇಕಿತ್ತು, ಆರ್ವಿಡ್."

"ತಪ್ಪಾಯ್ತು." ಎರಡು ಮನೆಗಳ ನಡುವಿನ ಇಪ್ಪತ್ತು ಹೆಜ್ಜೆಯ ರಸ್ತೆ ದಾಟಲು ಆ ಮಾತಿಗೆ ಒಂಬತ್ತು ವರ್ಷ ಬೇಕಾಗಿತ್ತು. ಆರ್ವಿಡ್ ತೋಳಿನಿಂದ ಕಣ್ಣು ಒರೆಸಿಕೊಂಡ, ಮುಖಕ್ಕೆಲ್ಲ ಗ್ರೀಸು ಹತ್ತಿತು.

ಸುಲೋ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದ: "ಸೌನಾ ಚೆನ್ನಾಗಿ ಕಾದಿತ್ತಾದ್ರೂ?"

"ಚೆನ್ನಾಗೇ ಕಾದಿತ್ತು."

"ಹೋಗ್ಲಿ ಬಿಡು. ಒಬ್ಬನಿಗಾದ್ರೂ ಸುಖ ಸಿಕ್ತಲ್ಲ."

ಐಲಿ ಏಪ್ರನ್ನಿಗೆ ಕೈ ಒರೆಸುತ್ತ ಮೆಟ್ಟಿಲ ಮೇಲೆ ಬಂದು ನಿಂತಳು. ಸಡಿಲಾದ ಬೋಲ್ಟನ್ನು ನೋಡಿದಳು, ಬ್ರೇಕಿನ ಮೇಲಿನ ಸುಲೋನ ಕಾಲನ್ನು ನೋಡಿದಳು. "ಬೋಲ್ಟು ಬಂತೇನ್ರೋ?"

"ಇಲ್ಲ" ಎಂದರು ಇಬ್ಬರೂ ಒಟ್ಟಿಗೆ.

"ಹಾಗಾದ್ರೆ ಸೌನಾಕ್ಕೆ ಬೆಂಕಿ ಹಾಕ್ತೀನಿ. ಬೋಲ್ಟು ಬರೋಕೆ ರಾತ್ರಿ ಆಗ್ಬಹುದು" ಎಂದು ಅವಳು ಕಟ್ಟಿಗೆ ತರಲು ಹೋದಳು.

"ಕಾಲು ನೋವು ಬಂತಾ?" ಆರ್ವಿಡ್ ಕೇಳಿದ.

"ಬಂತು."

"ಬ್ರೇಕ್ ಬಿಡ್ತೀಯಾ?"

"ನಾಳೆ ಬೆಳಿಗ್ಗೆ ಬಿಡ್ತೀನಿ" ಎಂದ ಸುಲೋ.