ಪಾಸ್‌ಪೋರ್ಟಿನ ಕೊನೆಯ ಪುಟದ ಹೆಸರು

“ಒಂದೇ ಹೆಸರಿದ್ರೆ ದುಬೈಗೆ ಟೂರಿಸ್ಟ್ ವೀಸಾ ಕೊಡಲ್ಲಮ್ಮ” ಎಂದು ಶ್ರೀರಂಗಪಟ್ಟಣದ ಟ್ರಾವೆಲ್ಸ್ ಆಫೀಸಿನ ಹುಡುಗಿ ಪಾಸ್‌ಪೋರ್ಟನ್ನು ಮೇಜಿನ ಮೇಲಿಟ್ಟಳು. ಅದರಲ್ಲಿ ‘ಜವರಮ್ಮ’ ಎಂದಷ್ಟೇ ಇತ್ತು, ಇನಿಷಿಯಲ್ ಕೂಡ ಇರಲಿಲ್ಲ. ಅರಕೆರೆಯಲ್ಲಿ ಡೈರಿಗೆ ಹಾಲು ಹಾಕುವ ನಾವೊಂದಿಷ್ಟು ಹೆಂಗಸರು ಸೇರಿ ಹೊರಟಿದ್ದ ಪ್ರವಾಸ ಅದು. ಉಳಿದವರದೆಲ್ಲ ಸರಿಯಾಗಿತ್ತು. ಜವರಮ್ಮ, “ನೀವು ಓಗ್ಬುಟ್ಟು ಬನ್ರವ್ವ, ನಿಮ್ಮ ದನ ನಾನು ನೋಡ್ಕೋತೀನಿ” ಎಂದು ಎದ್ದೇಬಿಟ್ಟಳು.

ಅಷ್ಟರಲ್ಲಿ ಹುಡುಗಿ ಪಾಸ್‌ಪೋರ್ಟಿನ ಕೊನೆಯ ಪುಟ ತಿರುವಿ, “ಇರಿ, ಇಲ್ಲಿ ನಿಮ್ಮ ತಂದೆ ಹೆಸರಿದೆ, ಕೆಂಪಯ್ಯ ಅಂತ. ಇದನ್ನ ಸೇರಿಸಿ ಅರ್ಜಿ ಹಾಕಿದ್ರೆ ಆಗುತ್ತೆ” ಎಂದಳು. ನಮಗೆಲ್ಲ ಖುಷಿಯಾಯಿತು. ಜವರಮ್ಮ ಮಾತ್ರ ನಗಲಿಲ್ಲ. ಆ ಹೆಸರಿನ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿದಳು.

“ನಾನು ಹೊಟ್ಟೇಲಿದ್ದಾಗ್ಲೇ ನಮ್ಮವ್ವನ್ನ ಬುಟ್ಟು ಹೊಂಟೋದೋನು ಕಣಕ್ಕ. ಅಪ್ಪ ಅನ್ನಿಸ್ಕೊಂಡಿದ್ದಕ್ಕೆ ಇದೊಂದು ಕೆಲ್ಸ ಮಾಡ್ದ.”

ವೀಸಾ ‘ಜವರಮ್ಮ ಕೆಂಪಯ್ಯ’ ಎಂಬ ಹೆಸರಿನಲ್ಲಿ ಬಂತು. ಎಲ್ಲರೂ ದುಬೈ ನೋಡಿಕೊಂಡು ಬಂದೆವು.

ಹಿಂದೆ ಕೆಂಪಯ್ಯ ಎಲ್ಲೋ ತೀರಿಕೊಂಡನೆಂಬ ಸುದ್ದಿ ಬಂದ ದಿನ ಜವರಮ್ಮ ಸಾವಿನ ಸ್ನಾನವನ್ನೂ ಮಾಡದೆ ಗದ್ದೆಗೆ ಹೋಗಿದ್ದಳು. ಪ್ರವಾಸದಿಂದ ಬಂದ ವರ್ಷ ಪಿತೃಪಕ್ಷದ ಊಟಕ್ಕೆ ಅವಳ ಮನೆಗೆ ಹೋದಾಗ, ಅವ್ವನ ಎಡೆಯ ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿ ಬಡಿಸಿದ್ದಳು.