ಮಾದೇವಿಯ ಹೊಟ್ಟೆ, ಹಾಸಿನ ಬಲಗಡೆಯ ಜಾಗ

ಮೊದಲೇ ತಪ್ಪೊಪ್ಪಿಕೊಂಡುಬಿಡುತ್ತೇನೆ. ನನ್ನ ಅಕ್ಷರ ಗೆರೆಯ ಮೇಲೆ ನಿಲ್ಲುವುದಿಲ್ಲ, ಮಾತುಗಳೂ ಹಾಗೆಯೇ. ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟವಳು ನಾನು. ಓದುವವರಿಗೆ ತೊಂದರೆಯಾದರೆ ಕ್ಷಮಿಸಬೇಕು. ನಾನು ಕಾಣದಿದ್ದ ಕಡೆ ಎರಡೆರಡು ಸಲ ಕೇಳಿ ತಿಳಿದುಕೊಂಡೇ ಬರೆದಿದ್ದೇನೆ. ಇದು ನನ್ನ ಚಿಗವ್ವ, ಅಂದರೆ ನಮ್ಮವ್ವನ ತಂಗಿ ಮಾದೇವಿಯ ಸಂಗತಿ.

ಬನಹಟ್ಟಿಯಲ್ಲಿ ಮಾದೇವಿಯ ಬೆರಳು ಎಂದರೆ ಬೆಲೆಯಿತ್ತು. ಅವಳದು ಹಾಸು ಕೆಚ್ಚುವ ಕೆಲಸ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳ ಹಾಸು ಮುಗಿಯಲು ಬಂದಾಗ, ಹಳೆಯ ಎಳೆಗಳ ತುದಿಗೆ ಬೀಮು ಎಂಬ ಹೊಸ ಉರುಳೆಯ ಎಳೆಗಳನ್ನು ಒಂದೊಂದಾಗಿ ಹೊಸೆದು ಜೋಡಿಸುವುದೇ ಕೆಚ್ಚುವುದು. ಒಂದು ಸೀರೆಯ ಹಾಸಿಗೆ ಮೂರು ಸಾವಿರಕ್ಕೂ ಮೇಲೆ ಎಳೆಗಳು. ಬೆರಳಿಗೆ ಬೂದಿ ಹಚ್ಚಿಕೊಂಡು ಇಬ್ಬರು ಹೆಂಗಸರು ಮಗ್ಗದ ಹಿಂದೆ ನುಸುಳಿ ಕೂಡುತ್ತಾರೆ. ಒಬ್ಬಳು ಬಲಗಡೆಯಿಂದ, ಒಬ್ಬಳು ಎಡಗಡೆಯಿಂದ ಕೆಚ್ಚುತ್ತ ಬಂದು ನಡುವೆ ಸೇರಬೇಕು. ಕೂತರೆ ಮೂರು ತಾಸು. ಅಲ್ಲಿಯವರೆಗೆ ಮಗ್ಗ ಸುಮ್ಮನೆ ನಿಂತಿರುತ್ತದೆ, ಮಾಲೀಕನ ಕಣ್ಣು ಇವರ ಬೆನ್ನ ಮೇಲಿರುತ್ತದೆ.

ಅಂದಾನೆಪ್ಪನವರ ಕಾರ್ಖಾನೆಯಲ್ಲಿ ಬಲಗಡೆ ಮಾದೇವಿ, ಎಡಗಡೆ ಶಂಕ್ರೆವ್ವ. ಹನ್ನೊಂದು ವರ್ಷದ ಜೋಡಿ ಅದು. ಶಂಕ್ರೆವ್ವ ವಯಸ್ಸಿನಲ್ಲಿ ದೊಡ್ಡವಳು, ಬಾಯಿಯಲ್ಲಿ ಇನ್ನೂ ದೊಡ್ಡವಳು.

ಮೂರು ವರ್ಷದ ಹಿಂದೆ ಮಾದೇವಿಯ ಹೊಟ್ಟೆ ಕೆಟ್ಟಿತು. ಕೆಚ್ಚಲು ಕೂತು ಅರ್ಧ ತಾಸಾಗುವಷ್ಟರಲ್ಲಿ ಹೊಕ್ಕುಳ ಕೆಳಗೆ ಯಾರೋ ಹಿಂಡಿದಂತೆ ಆಗುತ್ತಿತ್ತು. ತಡೆಯಲಾಗದೆ ಎದ್ದು ಓಡಬೇಕು. ಹೋಗಿ ಬಂದರೆ ಸಮಾಧಾನ, ಮತ್ತೆ ಸ್ವಲ್ಪ ಹೊತ್ತಿಗೆ ಅದೇ ಗೋಳು. ಕೆಲವು ದಿನ ಇದಕ್ಕೆ ತಿರುವುಮುರುವು, ಏನೂ ಹೋಗದೆ ಹೊಟ್ಟೆ ಬಿಗಿದು ಕೂರುತ್ತಿತ್ತು. ಕಾರ್ಖಾನೆಯಲ್ಲಿ ಹೆಂಗಸರಿಗೆ ಪಾಯಖಾನೆ ಇರಲಿಲ್ಲ. ಮನೆ ಎರಡು ಓಣಿ ಆಚೆ. ಇಂಥ ಮಾತನ್ನು ಹೇಳುವುದು ಹೇಗೆ? ಅವಳು ಸುಳ್ಳು ಹೇಳಿದಳು.

"ಯಕ್ಕಾ, ಒಲಿ ಮ್ಯಾಲ ಹಾಲ ಇಟ್ಟ ಬಂದೇನಿ, ನೋಡಿ ಬರ್ತೇನಿ."

"ನಿಮ್ಮನಿ ಹಾಲು ದಿನಾ ಉಕ್ಕತೈತೇನ ಬೇ? ಎಮ್ಮಿ ಎಷ್ಟ ಕಟ್ಟೀಯ?" ಎಂದು ಶಂಕ್ರೆವ್ವ ಎಳೆ ಹೊಸೆಯುತ್ತಲೇ ಕೇಳುತ್ತಿದ್ದಳು. ಮಾದೇವಿ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದಳು.

ಏಳುವುದು ತಪ್ಪಲೆಂದು ಅವಳು ಬೆಳಗಿನ ಊಟ ಬಿಟ್ಟಳು, ನೀರು ಬಿಟ್ಟಳು. ನಾರಿನ ಪದಾರ್ಥ ತಿಂದರೆ ಹೊಟ್ಟೆ ಸರಿಹೋಗುತ್ತದೆಂದು ಯಾರೋ ಮೊಬೈಲಿನಲ್ಲಿ ಹೇಳಿದ್ದನ್ನು ಕೇಳಿ, ಹಿಟ್ಟಿಗೆ ಜರಡಿ ಹಿಡಿಯುವುದನ್ನೂ ಬಿಟ್ಟಳು. ರಾತ್ರಿ ಊಟಕ್ಕೆ ಹಸಿ ಹಕ್ಕರಕಿ ಸೊಪ್ಪು, ಮೂಲಂಗಿ, ಉಳ್ಳಾಗಡ್ಡಿ ತಪ್ಪಲು ಹಿಡಿ ಹಿಡಿಯಾಗಿ ತಿಂದಳು. ಹೊಟ್ಟೆ ಇನ್ನಷ್ಟು ಉಬ್ಬಿತು.

ಕಳೆದ ದೀಪಾವಳಿಗೆ ಮುಂಚೆ ಒಂದು ದಿನ, ಹಸಿರು ಒಡಲು ಕೆಂಪು ದಡಿಯ ಹಾಸು. ಹೊಟ್ಟೆ ಹಿಂಡುತ್ತಿತ್ತು, ಮಾದೇವಿ ಹಲ್ಲು ಕಚ್ಚಿ ಬೇಗ ಬೇಗ ಕೆಚ್ಚಿದಳು. ಆ ಅವಸರದಲ್ಲಿ ಒಂದು ಎಳೆ ತಪ್ಪಿತು. ಅಲ್ಲಿಂದ ಮುಂದೆ ಒಂದರ ಜೋಡಿ ಇನ್ನೊಂದಕ್ಕೆ ಬಿದ್ದು, ಹಸಿರಿನೊಳಗೆ ಕೆಂಪು ನುಗ್ಗಿತು. ನಾನೂರು ಎಳೆ ಬಿಚ್ಚಿ ಮತ್ತೆ ಕೆಚ್ಚಬೇಕಾಯಿತು. ಅಂದಾನೆಪ್ಪನವರು ನಿಂತ ಮಗ್ಗವನ್ನು ಒಮ್ಮೆ ನೋಡಿ ಹೊರಗೆ ಹೋದರು. ಶಂಕ್ರೆವ್ವ ಅಂದಳು: "ನಿನಗ ಕೆಲಸದಾಗ ಲಕ್ಷ ಇಲ್ಲ. ನಾಳಿಂದ ನಿನ್ನ ಬದಲಿ ನಾ ತಂಗೆವ್ವನ್ನ ಕರಕೊಂಡ ಬರ್ತೇನಿ."

ಬಲಗಡೆಯ ಜಾಗ ಹೋಯಿತು. ಮಾದೇವಿ ಮನೆಯಲ್ಲಿ ಕಂಡಿಕೆ ಸುತ್ತತೊಡಗಿದಳು. ನೂಲು ಸುತ್ತುವುದೂ ಕೆಲಸವೇ, ಆದರೆ ಅವಳ ಬೆರಳಿಗೆ ಅದು ತೀರ ಸಣ್ಣದಾಗಿತ್ತು.

ಗಂಡ ಮಾಂತೇಶ ಹಟ ಹಿಡಿದು ಅವಳನ್ನು ಜಮಖಂಡಿಗೆ ಕರೆದೊಯ್ದ. ಡಾಕ್ಟರ್ ವರದಾ ಅವರು ಗಂಡನನ್ನು ಹೊರಗೆ ಕೂಡಿಸಿ, ಬಾಗಿಲು ಹಾಕಿ, ಕೇಳಬೇಕಾದದ್ದನ್ನೆಲ್ಲ ಕೇಳಿದರು. ರಕ್ತ ಹೋಗುತ್ತದೆಯೇ, ತೂಕ ಇಳಿದಿದೆಯೇ, ಜ್ವರ ಬರುತ್ತದೆಯೇ. ಒಂದೂ ಇರಲಿಲ್ಲ. ತಪಾಸಣೆಯಲ್ಲೂ ಏನೂ ಸಿಗಲಿಲ್ಲ. ಮಾದೇವಿಗೆ ಸಂತೋಷವಾಗುವ ಬದಲು ಕಣ್ಣಲ್ಲಿ ನೀರು ಬಂತು.

"ಹಂಗಾರ ನಂದೆಲ್ಲಾ ಸುಳ್ಳೇನ್ರಿ ಡಾಕ್ಟರ್ ಬಾಯಾರ?"

"ಸುಳ್ಳಲ್ಲ. ಕರುಳಿಗೆ ಗಾಯ ಇಲ್ಲ, ಆದ್ರ ಅದು ಭಾಳ ಸೂಕ್ಷ್ಮ ಆಗೇದ. ಬ್ಯಾರೆಯವರಿಗೆ ಗೊತ್ತೇ ಆಗದಂಗ ಸಣ್ಣಗ ಹಿಂಡೂದು ನಿಮಗ ದೊಡ್ಡ ನೋವಾಗಿ ತಿಳೀತದ. ಇದು ಜೀವಕ್ಕ ಅಪಾಯ ಅಲ್ಲ. ಆದ್ರ ಪಳಗಿಸಿಕೊಂಡ ಇರಬೇಕಾಗ್ತದ." ಆಮೇಲೆ ನಾರಿನ ಮಾತು ಬಂತು. "ನಾರಿನಾಗ ಎರಡು ಜಾತಿ ಅವ. ತೌಡು, ಹಸಿ ತಪ್ಪಲಿನ ನಾರು ಕರಗೂದಿಲ್ಲ. ನಿಮ್ಮಂಥ ಹೊಟ್ಟಿಗೆ ಅದು ತ್ರಾಸ ಕೊಡ್ತದ. ಇಸಬಗೋಲ ಅಂತ ಬೀಜದ ಸಿಪ್ಪಿ ಸಿಗ್ತದ, ಅದು ನೀರಾಗ ಉಬ್ಬಿ ಲೋಳಿ ಆಗ್ತದ. ಅದನ್ನ ಸ್ವಲ್ಪ ಸ್ವಲ್ಪ ತಗೋರಿ."

"ನೂಲಿಗೆ ಹಾಕೋ ಗಂಜಿ ಹಂಗೇನ್ರಿ?"

"ಹಾಂ, ಹಂಗಽ ಅನ್ರಿ."

ಅಷ್ಟು ತಿಳಿದವಳು ಮನೆಗೆ ಬಂದು ಮತ್ತೆ ತಪ್ಪು ಮಾಡಿದಳು. ಬೇಗ ವಾಸಿಯಾಗಲೆಂದು ಮೊದಲ ದಿನವೇ ದೊಡ್ಡ ಚಮಚೆ ತುಂಬ ಇಸಬಗೋಲ ನಾಲಿಗೆಯ ಮೇಲೆ ಸುರಿದುಕೊಂಡು ಎರಡು ಗುಟುಕು ನೀರು ಕುಡಿದಳು. ನಾಲ್ಕೇ ದಿನಕ್ಕೆ ಹೊಟ್ಟೆ ಕಲ್ಲಾಯಿತು. ಮತ್ತೆ ಜಮಖಂಡಿಯ ಬಸ್ಸು.

ಎರಡು ಗುಟುಕು ಎಂದದ್ದನ್ನು ಕೇಳಿ ಡಾಕ್ಟರು ಪೆನ್ನು ಕೆಳಗಿಟ್ಟರು. "ಅಯ್ಯ, ಗಂಟಲಾಗ ಸಿಕ್ಕೊಂಡಿದ್ರ ಏನ್ ಮಾಡ್ತಿದ್ರಿ?"

"ನೀರ ಕುಡದ್ರ ಮತ್ತ ಏಳಬೇಕಾಗ್ತೈತಲ್ರಿ."

"ಮೂರು ವರ್ಷ ನೀರು ಬಿಟ್ರಲ್ಲಾ, ಏಳೂದು ತಪ್ಪೇದೇನು?"

ಆ ದಿನದಿಂದ ಮಾದೇವಿ ಸಂಜೆ ಅರ್ಧ ಸಣ್ಣ ಚಮಚೆ ಇಸಬಗೋಲನ್ನು ದೊಡ್ಡ ಲೋಟ ನೀರಿನಲ್ಲಿ ಕಲಸಿ ಕೂಡಲೇ ಕುಡಿದು, ಮೇಲೆ ಇನ್ನೊಂದು ಲೋಟ ನೀರು ಕುಡಿಯತೊಡಗಿದಳು. ವಾರ ಕಳೆದ ಮೇಲೆ ಸ್ವಲ್ಪ ಹೆಚ್ಚು, ಮತ್ತೊಂದು ವಾರಕ್ಕೆ ಇನ್ನೂ ಸ್ವಲ್ಪ. ತಿಂದದ್ದನ್ನು, ಆದದ್ದನ್ನು ದಿನವೂ ಬರೆದಿಡಲು ಡಾಕ್ಟರು ಹೇಳಿದ್ದರು. ಅವಳಿಗೆ ಬರೆಯಲು ಬಾರದು, ನಾನು ಬರೆದೆ. ಉಳ್ಳಾಗಡ್ಡಿ, ಬೆಳ್ಳುಳ್ಳಿ ತಿಂದ ಮರುದಿನ ತಪ್ಪದೆ ಕಾಟ. ನಾಲ್ಕು ಸಲ ಚಹಾ ಕುಡಿದ ದಿನವೂ ಅದೇ. ಜರಡಿ ಹಿಡಿದ ಹಿಟ್ಟಿನ ಮೆತ್ತಗಿನ ರೊಟ್ಟಿ, ಬೇಯಿಸಿದ ಹೀರೇಕಾಯಿ, ಗಜ್ಜರಿ, ಅನ್ನ, ತೆಳ್ಳನೆಯ ಹೆಸರುಬೇಳೆ ಒಗ್ಗಿದವು. ಮೊಸರು ಒಗ್ಗಿತು, ಹಾಲು ಒಗ್ಗಲಿಲ್ಲ. ಇದು ಅವಳ ಹೊಟ್ಟೆಯ ಮಾತು. ಒಬ್ಬರದು ಇನ್ನೊಬ್ಬರಿಗೆ ಹೊಂದುವುದಿಲ್ಲ ಎಂದು ಡಾಕ್ಟರೇ ಹೇಳಿದ್ದಾರೆ.

ಎರಡು ತಿಂಗಳಿಗೆ ಹೊಟ್ಟೆ ಮುಕ್ಕಾಲು ಪಾಲು ಹತೋಟಿಗೆ ಬಂತು. ಒಂದು ಸೋಮವಾರ ಮಧ್ಯಾಹ್ನ ಮಾದೇವಿ ಧೈರ್ಯ ಮಾಡಿ, ತನ್ನ ಜಾಗ ಕೇಳಲು ಶಂಕ್ರೆವ್ವನ ಮನೆಗೆ ಹೋದಳು.

"ಬಾ ಬೇ, ಏನ್ ದಾರಿ ತಪ್ಪಿ ಬಂದೀಯೇನ?"

"ಇಲ್ಲ ಯಕ್ಕಾ, ನಿನ್ನ ಹುಡುಕ್ಕೊಂಡಽ ಬಂದೇನಿ."

"ಹಂಗಾರ ಮೊದಲ ಉಣ್ಣು. ಮಾತೇನ ಓಡಿ ಹೋಗತೈತಿ?"

ತಾಟು ಬಂತು. ಒಣಗಿಸಿದ ಕಟಕ ರೊಟ್ಟಿ, ಎಣ್ಣೆಗಾಯಿ, ಕೆಂಪು ಮೆಣಸಿನಕಾಯಿಯ ರಂಜಕ, ಗುದ್ದಿದ ಉಳ್ಳಾಗಡ್ಡಿ. ಒಲ್ಲೆನೆಂದರೆ ಸಿಟ್ಟು ಇಟ್ಟುಕೊಂಡು ಬಂದವಳಾಗುತ್ತಾಳೆ. ಉಂಡರೆ ನಾಳೆ ಮತ್ತೆ ಅದೇ ಓಟ. ಮಾದೇವಿಯ ಕೈ ರೊಟ್ಟಿಯ ತನಕ ಹೋಗಿ ನಿಂತಿತು.

"ಯಾಕ? ನಮ್ಮನಿ ರೊಟ್ಟಿ ಗಂಟಲಾಗ ಇಳಿಯೂದಿಲ್ಲೇನ?"

"ಇಳಿತೈತಿ ಯಕ್ಕಾ. ಇಳದ ಮ್ಯಾಲ ನನ್ನ ಕೂಡಗೊಡೂದಿಲ್ಲ."

ತಾಟು ನೋಡುತ್ತಲೇ ಅವಳು ಎಲ್ಲವನ್ನೂ ಹೇಳಿದಳು. ಹಿಂಡುವುದು, ಓಡುವುದು, ದಾರಿಯಲ್ಲಿ ಒಮ್ಮೆ ಸೀರೆ ಕೆಟ್ಟದ್ದು ಕೂಡ. ಶಂಕ್ರೆವ್ವ ಕೇಳುತ್ತ ಕೇಳುತ್ತ ನೆಲದ ಮೇಲೆ ಕೂತುಬಿಟ್ಟಳು.

"ಮೂರು ವರ್ಷ! ನಾ ಏನ್ ತಿಳ್ಕೊಂಡಿದ್ದೆ ಗೊತ್ತೈತೇನ? ಮೊಬೈಲನ್ಯಾಗ ಯಾರ್ದೋ ಜೋಡಿ ಮಾತಾಡಾಕ ಹೋಗ್ತಾಳ ಅಂತ."

"ಶಿವಶಿವಾ!"

"ಮತ್ತೇನ್ ತಿಳ್ಕೋಬೇಕ ನಾ? ಹೊಟ್ಟಿ ಅನ್ನಾಕ ನಾಚಿಕಿ, ಸುಳ್ಳ ಹೇಳಾಕ ನಾಚಿಕಿಲ್ಲ. ಹೊಟ್ಟಿ ನಿನಗೊಬ್ಬಾಕಿಗೇ ಐತೇನ ಬೇ?" ಎಂದು ಬಯ್ಯುತ್ತಲೇ ಎದ್ದು ತಾಟು ತೆಗೆದು, ಅನ್ನ ಮೊಸರು ತಂದಿಟ್ಟಳು. ಆಮೇಲೆ ಸಣ್ಣ ದನಿಯಲ್ಲಿ ಅಂದಳು: "ತಂಗೆವ್ವನ್ನ ಹೆಂಗ ಬಿಡ್ಲಿ? ಆಕಿನೂ ಬದಕಬೇಕು. ಗುರುವಾರ ಆಕಿ ಅನಗವಾಡಿಗೆ ತವರಮನಿಗೆ ಹೊಂಟಾಳ. ಅವತ್ತ ಒಂದ ಹಾಸ ಕೂಡು, ನೋಡೂಣು."

ಗುರುವಾರ ಮಾದೇವಿ ಬೆಳಗ್ಗೆ ಬೇಗ ಉಂಡು, ಅವಸರವಿಲ್ಲದೆ ಎಲ್ಲ ಮುಗಿಸಿಕೊಂಡು, ಒಂಬತ್ತಕ್ಕೆ ಮಗ್ಗದ ಹಿಂದೆ ಕೂತಳು. ಎರಡು ತಾಸು ಸುಮ್ಮನಿದ್ದ ಹೊಟ್ಟೆ ಆಮೇಲೆ ಹಿಂಡಿತು. ಅವಳು ಕೆಚ್ಚಿದ ಕೊನೆಯ ಎಳೆಗೆ ಗುರುತಿನ ದಾರ ಕಟ್ಟಿದಳು.

"ಯಕ್ಕಾ, ಹೊಟ್ಟಿ ಹಿಂಡಾಕತ್ತೈತಿ. ಮನಿಗೆ ಹೋಗಿ ಬರ್ತೇನಿ."

ಅಂದಾನೆಪ್ಪನವರಿಗೂ ಅದು ಕೇಳಿಸಿತು. ಅವರು ತಲೆಯೆತ್ತುವ ಮೊದಲೇ ಶಂಕ್ರೆವ್ವ ಅಂದಳು: "ಹೋಗಿ ಬಾ. ಸಾವಕಾರ್ರ, ಹೆಂಗಸರಿಗೆ ಇಲ್ಲೇ ಒಂದ ಪಾಯಖಾನಿ ಕಟ್ಟಸ್ರಿ. ನಿಮ್ಮ ಮಗ್ಗ ಇಷ್ಟ ಹೊತ್ತ ನಿಲ್ಲೂದಿಲ್ಲ."

ಸಾವಕಾರರು ನೋಡೋಣ ಎಂದರು. ಇನ್ನೂ ಕಟ್ಟಿಸಿಲ್ಲ. ಮಾದೇವಿ ಹೋಗಿ ಬಂದು ಅದೇ ಗುರುತಿನಿಂದ ಮುಂದೆ ಕೆಚ್ಚಿದಳು. ಮಧ್ಯಾಹ್ನ ಮಗ್ಗ ಹೊರಟಾಗ ಒಂದು ಎಳೆಯೂ ತಪ್ಪಿರಲಿಲ್ಲ.

ಈಗ ಬಲಗಡೆಯ ಜಾಗ ವಾರದಲ್ಲಿ ಮೂರು ದಿನ ಮಾದೇವಿಗೆ, ಮೂರು ದಿನ ತಂಗೆವ್ವನಿಗೆ. ರೋಗ ಹೋಗಿಲ್ಲ. ಕೆಟ್ಟ ದಿನಗಳು ಈಗಲೂ ಬರುತ್ತವೆ. ಬಂದಾಗ ಹೇಳಿ ಎದ್ದು ಹೋಗುತ್ತಾಳೆ.

ಇದರಲ್ಲಿ ಅವಳು ನಮ್ಮಂಥ ಒಬ್ಬಿಬ್ಬರನ್ನು ಬಿಟ್ಟು ಯಾರಿಗೂ ಹೇಳದಿದ್ದ ಮಾತುಗಳಿವೆ. ನಾಳೆ ಮಧ್ಯಾಹ್ನ ಅವಳು ಕೆಲಸದಿಂದ ಬಂದ ಮೇಲೆ ಪೂರ್ತಿ ಓದಿ ಹೇಳುತ್ತೇನೆ. ಅವಳು ಬೇಡವೆಂದ ಸಾಲುಗಳನ್ನು ಹೊಡೆದುಹಾಕಿ, ಉಳಿದದ್ದನ್ನು ಬೇರೆ ಹಾಳೆಯ ಮೇಲೆ ಬರೆಯುತ್ತೇನೆ.