ಬೋರಣ್ಣನ ಕಬ್ಬಿಣದ ಕಿವಿ

ಬೋರಣ್ಣ ಹಾಡು ಕೇಳಬೇಕೆಂದರೆ ಮೊದಲು ಹೆಗಲಚೀಲದಿಂದ ಒಂದು ಕಬ್ಬಿಣದ ಕಂಬಿ ತೆಗೆಯುತ್ತಿದ್ದ. ಮೊಳದುದ್ದದ್ದು. ಒಂದು ತುದಿ ಚೂಪು, ಇನ್ನೊಂದು ತುದಿಗೆ ಬುಗುರಿಯಂಥ ಮರದ ಗುಂಡಿ. ಚೂಪು ತುದಿಯನ್ನು ಸ್ಪೀಕರಿನ ಮೈಗೆ ಒತ್ತಿ, ಗುಂಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿಕೊಂಡು ಕಣ್ಣು ಮುಚ್ಚುತ್ತಿದ್ದ. ದೂರದಿಂದ ನೋಡಿದರೆ ಸ್ಪೀಕರಿಗೆ ಇಂಜೆಕ್ಷನ್ ಚುಚ್ಚಿ, ನೋವಾಯಿತೇನೋ ಎಂದು ತಾನೇ ಮುಖ ಹಿಂಡುತ್ತಿರುವಂತೆ ಕಾಣುತ್ತಿತ್ತು.

ಬ್ಲಫ್ ಅನ್ನುವ ಊರಿನಲ್ಲಿ ಕರೆಂಟು ತಯಾರಿಸುವ ಪವರ್ ಹೌಸಿನಲ್ಲಿ ಅವನು ಮಿಷಿನ್ ನೋಡಿಕೊಳ್ಳುವವನು. ತಿರುಗುವ ಮಿಷಿನ್ನಿನ ಬೇರಿಂಗ್ ಹೇಗಿದೆ ಅಂತ ಆ ಕಂಬಿ ಇಟ್ಟು ಕೇಳುವುದು ಅವನ ಕೆಲಸದ ಒಂದು ಭಾಗ. ಕಿವಿ ಮುಚ್ಚಿಕೊಳ್ಳಲು ಕೊಟ್ಟಿದ್ದ ಹೊದಿಕೆಯನ್ನು ಅವನು ಮೊಳೆಗೆ ನೇತುಹಾಕಿ ಹೋಗುತ್ತಿದ್ದ. "ಕಿವಿ ಮುಚ್ಕಂಡ್ರೆ ಅದು ಏನ್ ಯೋಳ್ತೈತೆ ಅಂತ ಎಂಗ್ಲಾ ಗೊತ್ತಾಗದು?" ಅನ್ನುತ್ತಿದ್ದ. ಅವನ ಅಪ್ಪ ಗದ್ದೆ ಬಿಟ್ಟು ಬೇರೆ ಕಂಡವರಲ್ಲ, ಅವರಿಗೂ ಐವತ್ತಕ್ಕೇ ಕಿವಿ ಹೋಗಿತ್ತಂತೆ. ಮನೆತನದ್ದೋ ಮಿಷಿನ್ನಿನದ್ದೋ, ನಾನು ಕಾಣುವ ಹೊತ್ತಿಗೆ ಬೋರಣ್ಣನ ಎಡಗಿವಿ ಮುಗಿದಿತ್ತು. ಬಲಗಿವಿ ಹೊರಡಲು ಚಪ್ಪಲಿ ಮೆಟ್ಟಿಕೊಳ್ಳುತ್ತಿತ್ತು.

ನಾನು ಮಳವಳ್ಳಿಯವನು. ಮಿಮಿಕ್ರಿ ನನ್ನ ಹೊಟ್ಟೆಪಾಡು. ಮದುವೆ, ನಾಮಕರಣ, ಗಣಪತಿ ಪೆಂಡಾಲು, ಎಲ್ಲಿ ಮೈಕಿದೆಯೋ ಅಲ್ಲಿ ನಾನಿರುತ್ತೇನೆ. ನನ್ನ ಗಂಟಲು ಬಾಡಿಗೆ ಮನೆ ಇದ್ದಂತೆ, ಯಾರ್ಯಾರೋ ಬಂದು ಇದ್ದು ಹೋಗುತ್ತಾರೆ, ಸುಣ್ಣ ಬಳಿಸುವವರು ಮಾತ್ರ ಯಾರೂ ಇಲ್ಲ. ಬ್ಲಫಿನ ಸ್ಟಾಫ್ ಕ್ಲಬ್ಬಿನಲ್ಲಿ ಒಮ್ಮೆ ಅವರ ಇಂಜಿನಿಯರುಗಳ ದನಿಗಳನ್ನೆಲ್ಲ ಮಾಡಿ, ಕೊನೆಗೆ ಮಿಷಿನ್ ಶುರುವಾಗುವ ಸದ್ದನ್ನೂ ಮಾಡಿದೆ. ಎಲ್ಲರೂ ಚಪ್ಪಾಳೆ ಹೊಡೆದರು. ಹಿಂದಿನ ಸಾಲಿನಿಂದ ಒಬ್ಬ ಮಾತ್ರ ಎದ್ದು ವೇದಿಕೆಯ ಬಳಿ ಬಂದ. ಅವನೇ ಬೋರಣ್ಣ.

"ಲೇ, ಆ ಮಿಷಿನ್ನಿಗೆ ಎಣ್ಣೆ ಬೇಕು ಕಣ್ಲಾ. ಅದಿರ್ಲಿ, ಈ ಸದ್ದು ಮಾಡು ನೋಡವ," ಎಂದು ತನ್ನ ಫೋನನ್ನು ನನ್ನ ಕಿವಿಗೆ ಒತ್ತಿದ.

ಅದರೊಳಗೆ ಬ್ಯಾಗ್‌ಪೈಪ್ ಇತ್ತು. ಅದರ ಬೆನ್ನಿಗೆ ಬಿದ್ದು ಡ್ರಮ್ಮು, ಗಿಟಾರು, ಪಿಟೀಲು. ಇವೆಲ್ಲ ಒಂದನ್ನೊಂದು ಅಟ್ಟಿಸಿಕೊಂಡು ಹೋಗುವಾಗ ಒಬ್ಬ ಗಂಟಲು ಹರಿದುಕೊಂಡು ಕೂಗುತ್ತಿದ್ದ, ಸಾವಿರ ಜನ ಅವನಿಗಿಂತ ಜೋರಾಗಿ ಕೂಗುತ್ತಿದ್ದರು. ಇದಕ್ಕೆ ಸೆಲ್ಟಿಕ್ ಪಂಕ್ ಅನ್ನುತ್ತಾರೆಂದು ಬೋರಣ್ಣನೇ ಹೇಳಿದ. ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಹಳ್ಳಿಹಾಡುಗಳಿಗೆ ಸಿಟ್ಟು ಬರಿಸಿದರೆ ಹೀಗಾಗುತ್ತದಂತೆ. ದಸರೆಯಲ್ಲಿ ಪೊಲೀಸರು ಊದಿಕೊಂಡು ಹೋಗುವ ಬ್ಯಾಗ್‌ಪೈಪನ್ನು ಫೋನಿನಲ್ಲಿ ಹುಡುಕುತ್ತಾ ಕೂತವನಿಗೆ ಫೋನು ತಾನೇ ಇದನ್ನು ಹಾಕಿಬಿಟ್ಟಿತಂತೆ. ಆವತ್ತು ಅವನು ಡ್ಯೂಟಿಗೆ ತಡವಾಗಿ ಹೋಗಿದ್ದ. ನೌಕರಿಯಲ್ಲಿ ಅದೊಂದೇ ಸಲ.

ಅವನ ಹೆಂಡತಿ ಜಯಮ್ಮನಿಗೆ ಇದು ಹಿಡಿಸಿರಲಿಲ್ಲ. "ಮದ್ವೆ ಮನೇಲಿ ವಾಲಗದೋರೂ ಬೀಗ್ರೂ ಸೇರ್ಕಂಡು ಜಗಳ ಆಡ್ದಂಗೈತೆ," ಅಂದಳು.

"ಅದೇ ಕಣೇ! ಕೊನೇಲಿ ಎಲ್ರೂ ಒಂದೇ ಪಂಕ್ತೀಲಿ ಊಟಕ್ ಕೂತ್ಕತಾರೆ, ಅದನ್ನೂ ಕೇಳುಸ್ಕ," ಅಂದ ಬೋರಣ್ಣ.

ಅಲ್ಲಿಂದ ಮುಂದೆ ನಾನು ಬಿಡುವಾದಾಗಲೆಲ್ಲ ಬ್ಲಫಿಗೆ ಹೋಗತೊಡಗಿದೆ. ಅವನನ್ನು ಬಹುವಚನದಲ್ಲಿ ಕರೆದರೆ ಬೈಯುತ್ತಿದ್ದ, ಹಾಗಾಗಿ ಇಲ್ಲಿಯೂ ಏಕವಚನವೇ ಇರಲಿ. ಸ್ಟುಡಿಯೋದಲ್ಲಿ ಹಾಡಿದ್ದನ್ನು ಅವನು ಮುಟ್ಟುತ್ತಿರಲಿಲ್ಲ. "ಅದು ಪ್ಯಾಕೆಟ್ ಹಾಲು ಕಣ್ಲಾ. ಲೈವು ಅಂದ್ರೆ ಕೆಚ್ಚಲಿಂದ ನ್ಯಾರವಾಗಿ ಬಾಯಿಗೆ." ಲೈವಿನಲ್ಲಿಯೂ ಅವನು ಕಾಯುತ್ತಿದ್ದುದು ಜನದ ದನಿ ಹಾಡುವವನ ದನಿಯನ್ನು ನುಂಗುವ ಗಳಿಗೆಗೆ. ಅದು ಬಂತೆಂದರೆ ಮುಷ್ಟಿ ಎತ್ತುತ್ತಿದ್ದ. ಮಿಷಿನ್ ಮನೆಯಲ್ಲಿ ಮಾತು ಕೇಳಿಸದ್ದರಿಂದ ಅವರದೆಲ್ಲ ಕೈಸನ್ನೆಯೇ. ಮುಷ್ಟಿ ಎತ್ತಿದರೆ ಲೋಡು ಹತ್ತಿತು, ಮಿಷಿನ್ ಪೂರ್ತಿ ದುಡಿಯುತ್ತಿದೆ ಅಂತ; ಅಂಗೈಯನ್ನು ನೆಲದ ಕಡೆಗೆ ಒತ್ತಿದರೆ ನಿಲ್ಲಿಸು.

ಇನ್ನೊಂದು ದೃಶ್ಯವನ್ನು ಅವನು ಹಿಂದೆ ಮುಂದೆ ಓಡಿಸಿ ತೋರಿಸುತ್ತಿದ್ದ. ವೇದಿಕೆಯ ಮುಂದೆ ಹುಡುಗರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಕುಣಿಯುತ್ತಾರೆ. ಒಬ್ಬ ಬೀಳುತ್ತಾನೆ. ತಕ್ಷಣ ಸುತ್ತಲಿನವರು ಕುಣಿತ ನಿಲ್ಲಿಸಿ ಅವನನ್ನು ಎತ್ತಿ ನಿಲ್ಲಿಸಿ, ಮತ್ತೆ ಡಿಕ್ಕಿ ಹೊಡೆಯುತ್ತಾರೆ.

"ನೋಡ್ಲಾ, ತಳ್ದೋರೇ ಎತ್ತುತಾವ್ರೆ," ಅನ್ನುತ್ತಿದ್ದ. "ಕಿವಿ ಪೂರ್ತಿ ಓಗಕ್ ಮುಂಚೆ ಒಂದ್ಸಲ ಅದ್ರೊಳಗ್ ನಿಂತ್ಕಂಡು ಕೇಳ್ಬೇಕು ಕಣ್ಲಾ. ಆಮೇಕೆ ಓದ್ರೆ ಓಗ್ಲಿ ಬುಡು."

ಮಂಡ್ಯದ ಕಿವಿ ಡಾಕ್ಟರು, ಬಲಗಿವಿಯೂ ಹೆಚ್ಚು ದಿನ ಇರುವುದಿಲ್ಲ ಅಂದಿದ್ದರು. ಆಗಲೇ ಅವನು ಎದುರಿನವರ ಮಾತನ್ನು ತುಟಿ ನೋಡಿಯೇ ಹಿಡಿಯುತ್ತಿದ್ದ. ಆ ವರ್ಷವೇ ಅಂಥದೊಂದು ತಂಡ ಬೆಂಗಳೂರಿಗೆ ಬರುವ ಸುದ್ದಿ ಬಂತು. ಬೋರಣ್ಣ ಮದ್ದೂರಿನಲ್ಲಿ ಹೊಸ ಹಸಿರು ಶರ್ಟು ಹೊಲಿಸಿಕೊಂಡ. ನಾವಿಬ್ಬರೂ ಮಧ್ಯಾಹ್ನದ ರೈಲು ಹತ್ತಿದೆವು. ಹಿಂದಿನ ಮೂರು ದಿನ ಮದುವೆಗಳಲ್ಲಿ ಅರಚಿ ನನ್ನ ಗಂಟಲು ಬಾಣಲೆ ತಿಕ್ಕುವ ನಾರಿನಂತಾಗಿತ್ತು. ದಾರಿಯುದ್ದಕ್ಕೂ ಅವನು ಮಾತಾಡಿದ, ನಾನು ತೂಕಡಿಸಿದೆ.

ಬಯಲಿನಲ್ಲಿ ಕಾರ್ಯಕ್ರಮ. ಸುತ್ತ ಕಬ್ಬಿಣದ ತಗಡಿನ ಬೇಲಿ. ಗೇಟಿನಲ್ಲಿ ಚೀಲ ತಡಕುತ್ತಿದ್ದ ಸೆಕ್ಯೂರಿಟಿಯವನ ಕೈಗೆ ಕಂಬಿ ಸಿಕ್ಕಿತು.

"ಏನ್ ಯಜಮಾನ್ರೇ ಇದು, ಆಯುಧ?"

"ಕಿವಿ ಕಣಪ್ಪ," ಅಂದ ಬೋರಣ್ಣ.

ನಾನು ಸರ್ಕಾರಿ ಡಾಕ್ಟರ ದನಿಯಲ್ಲಿ ವಿವರಿಸಿದೆ, ಪೊಲೀಸ್ ಸಾಹೇಬರ ದನಿಯಲ್ಲಿ ಗದರಿದೆ, ಕೊನೆಗೆ ನನ್ನ ಸ್ವಂತ ದನಿಯಲ್ಲಿ ಬೇಡಿಕೊಂಡೆ. ನನ್ನ ದನಿಗಂತೂ ಯಾವತ್ತೂ ಬೆಲೆ ಇಲ್ಲ. ಆ ಮನುಷ್ಯ ಒಳ್ಳೆಯವನೇ. "ಚೂಪೈತಲ್ಲಣ್ಣ, ನೂಕ್ನುಗ್ಲಲ್ಲಿ ಯಾರ್ಗಾದ್ರೂ ಚುಚ್ಚುದ್ರೆ? ಇಲ್ಲೇ ಮೇಜಿನ್ ಮ್ಯಾಲೆ ಮಡುಗ್ಬುಟ್ಟು ಓಗಿ," ಅಂದ.

"ಕಿವಿ ಮೇಜಿನ್ ಮ್ಯಾಲೆ ಮಡುಗ್ಬುಟ್ಟು ಕೇಳಕ್ ಓಗ್ಲಾ?"

ಒಳಗೆ ಶುರುವಾಗಿಬಿಟ್ಟಿತು. ಬೋರಣ್ಣ ಗೇಟು ಬಿಟ್ಟು ಬೇಲಿಯ ಪಕ್ಕಕ್ಕೆ ನಡೆದ. ತಗಡಿಗೆ ಕಂಬಿ ಒತ್ತಿ, ಗುಂಡಿಯನ್ನು ಮೂಳೆಗೆ ಆನಿಸಿಕೊಂಡ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅವನ ಮುಷ್ಟಿ ಮೇಲೆದ್ದಿತು. ಒಳಗೆ ಸಾವಿರಾರು ಜನ ಕುಣಿಯುತ್ತಿದ್ದುದೆಲ್ಲ ತಗಡಿಗೆ ಹತ್ತಿ, ತಗಡಿನಿಂದ ಕಂಬಿಗೆ ಇಳಿದು ಬರುತ್ತಿತ್ತು.

ನೀರು ಕುಡಿಯಲು ಹೊರಬಂದ ಒಬ್ಬ ಹುಡುಗಿ, ಬೂಟು ಹಾಕಿ ಬೆವರಲ್ಲಿ ನೆಂದವಳು, ನಿಂತು ನೋಡಿದಳು. ಬೋರಣ್ಣ ಕಂಬಿ ಚಾಚಿದ. "ಕಿವಿ ಹಿಂದ್ಕೆ ಆನುಸ್ಕ ಮಗಾ." ಅವಳು ಆನಿಸಿಕೊಂಡು, ಕಣ್ಣಗಲಿಸಿ, ಅವನಿಗೆ ತಿಳಿಯಲೆಂದು ತುಟಿ ಬಿಡಿಸಿ ಬಿಡಿಸಿ ಹೇಳಿದಳು: "ಅಂಕಲ್, ಒಳಗಡೆಗಿಂತ ಇಲ್ಲೇ ಚೆನ್ನಾಗಿದೆ!"

ಬೋರಣ್ಣ ನಕ್ಕ. "ಸುಳ್ ಯೋಳ್ಬ್ಯಾಡ. ಓಗು, ನಿನ್ ಜಾಗ ಯಾರಾರ ಇಡ್ಕಂಡಾರು."

ಅವಳು ಓಡಿದಳು. ಅವಳು ಹೋದ ಗೇಟನ್ನೇ ಅವನು ನೋಡುತ್ತಾ ನಿಂತ. ಬೇಲಿಯಾಚೆ ಇನ್ನೇನು ಮುಗಿಯುತ್ತದೆ ಅನ್ನುವ ಹಾಗೆ ಎಲ್ಲ ವಾದ್ಯಗಳೂ ಒಟ್ಟಿಗೆ ಏರತೊಡಗಿದವು. ಬೋರಣ್ಣ ಕಂಬಿಯನ್ನು ಕಿವಿಯಿಂದ ತೆಗೆದು ನನ್ನ ಕೈಗೆ ಕೊಟ್ಟ.

"ಇಡ್ಕ. ನೀನ್ ಕೇಳು."

"ಕಂಬಿ ಇಲ್ದೆ ನಿಂಗೇನೂ ಕೇಳ್ಸಲ್ಲ ಕಣಣ್ಣ!" ಎಂದು ಅವನ ಬಲಗಿವಿಯ ಬುಡದಲ್ಲಿ ಕಿರುಚಿದೆ.

"ಗೊತ್ತು ಬುಡ್ಲಾ," ಎಂದು ಹೊರಟೇಬಿಟ್ಟ.

ಗೇಟಿನ ಸಂದಿಯಿಂದ ನನಗೆ ಹಸಿರು ಶರ್ಟು ಕಾಣುತ್ತಿತ್ತು. ಅದು ಗುಂಪಿನ ಅಂಚಿನಲ್ಲಿ ಸ್ವಲ್ಪ ಹೊತ್ತು ಬಸ್ಸಿಗೆ ಕಾಯುವವರಂತೆ ನಿಂತಿತ್ತು. ಆಮೇಲೆ ಯಾರದೋ ಹೆಗಲು ತಾಗಿ ಒಳಕ್ಕೆ ಸರಿಯಿತು. ನರೆತ ತಲೆ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಹೋಗಿ, ಇದ್ದಕ್ಕಿದ್ದಂತೆ ಮಾಯವಾಯಿತು. ಸೆಕ್ಯೂರಿಟಿಯವನೂ ನಾನೂ ಒಟ್ಟಿಗೆ "ಅಯ್ಯೋ" ಅಂದೆವು. ಎಲ್ಲಿ ಅವನು ಮುಳುಗಿದನೋ ಅಲ್ಲಿ ಒಂದು ಗುಂಡಿಯಾಯಿತು. ಆ ಗುಂಡಿಯೊಳಕ್ಕೆ ಎಷ್ಟೊಂದು ಕೈ ಇಳಿದವು! ಹಸಿರು ಶರ್ಟು ಮೇಲೆದ್ದು ಬಂತು.

ಮುಗಿದ ಮೇಲೆ ಒಂದೇ ಚಪ್ಪಲಿಯಲ್ಲಿ ಹೊರಬಂದ. ಮೊಣಕೈ ತರಚಿತ್ತು.

"ಏನಾರ ಕೇಳಿಸ್ತಾ?" ಎಂದು ಸನ್ನೆ ಮಾಡಿದೆ.

"ಏನೂ ಇಲ್ಲ ಕಣ್ಲಾ." ಏದುಸಿರು ಬಿಡುತ್ತಾ ಕಲ್ಲಿನ ಮೇಲೆ ಕೂತ. "ಬಿದ್ದೆ. ಎತ್ತುದ್ರು."

ವಾಪಸು ರೈಲಿನಲ್ಲಿ ಅವನು ಆ ಎರಡು ಮಾತು ಬಿಟ್ಟು ಬೇರೇನೂ ಆಡಲಿಲ್ಲ. ನಡುನಡುವೆ ಎಚ್ಚರವಾಗಿ ಅವನ್ನೇ ಹೇಳಿ ಮತ್ತೆ ಒರಗುತ್ತಿದ್ದ.

ನಿವೃತ್ತಿಯಾದ ಮೇಲೆ ಕ್ವಾರ್ಟರ್ಸ್ ಬಿಟ್ಟು ಜಯಮ್ಮನ ಜೊತೆ ಯಲಿಯೂರಿನಲ್ಲಿ ರೈಲುಹಳಿಯ ಪಕ್ಕ ಮನೆ ಮಾಡಿದ. ಅಲ್ಲಿ ಅವನನ್ನು ನೋಡಿದ್ದೇ ಕೊನೆ, ಮುಂದಿನ ಮಳೆಗಾಲದೊಳಗೆ ಹೋಗಿಬಿಟ್ಟ. ಆ ಕೊನೆಯ ಭೇಟಿಯ ದಿನ ನಾನು ಯಾವುದೋ ಮದುವೆ ಮುಗಿಸಿ ನೇರ ಅಲ್ಲಿಗೆ ಹೋಗಿದ್ದೆ. ರೈಲು ಹೋದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ಕಪಾಟಿನ ಲೋಟಗಳು ಅಲ್ಲಾಡಿದರೆ ಜಯಮ್ಮನ ಕಡೆ ತಿರುಗಿ "ಮೈಸೂರ್ದಾ, ಬೆಂಗ್ಳೂರ್ದಾ?" ಅನ್ನುತ್ತಿದ್ದ. ಅವಳು ಕೈಯಲ್ಲಿ ದಿಕ್ಕು ತೋರಿಸುತ್ತಿದ್ದಳು.

ನನ್ನನ್ನು ಕಂಡವನೇ ಕಂಬಿ ತರಿಸಿದ. "ಊದ್ಲಾ."

ಮೂಗು ಹಿಡಿದು, ಗಂಟಲು ಬಡಿದುಕೊಳ್ಳುತ್ತಾ ಬ್ಯಾಗ್‌ಪೈಪ್ ಶುರುಮಾಡಿದೆ. ಕಾಲಲ್ಲಿ ಡ್ರಮ್ಮು. ಅವನು ಕಂಬಿಯ ಚೂಪು ತುದಿಗೆ ಟವೆಲ್ಲಿನ ಮೂಲೆ ಸುತ್ತಿ ನನ್ನ ಎದೆಯ ಮೂಳೆಗೆ ಆನಿಸಿದ. ಗುಂಡಿಯನ್ನು ತನ್ನ ಕಿವಿಯ ಹಿಂದಕ್ಕೆ ಒತ್ತಿಕೊಂಡು, ಡ್ಯೂಟಿಯಲ್ಲಿರುವವನ ಮುಖ ಮಾಡಿ, ಬಹಳ ಹೊತ್ತು ಕೇಳಿದ. ನನಗೆ ಉಸಿರು ಸಾಲದೆ ಕಣ್ಣಲ್ಲಿ ನೀರು ಬಂದರೂ ಊದುವುದನ್ನು ಬಿಡಲಿಲ್ಲ.

"ಬೇರಿಂಗ್ ಬಿಸಿ ಆಗೈತೆ ಕಣ್ಲಾ," ಅಂದ. "ಎಷ್ಟ್ ದಿನ ಆಯ್ತು ನೀನ್ ಸುಮ್ಕೆ ಕುಂತು?"

ಇದಕ್ಕೊಂದು ತಮಾಷೆ ಹೇಳಬೇಕಿತ್ತು. ನಾನು ಊದುತ್ತಲೇ ಇದ್ದೆ. ಬೋರಣ್ಣ ಕಂಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಅಂಗೈಯನ್ನು ಮೆಲ್ಲಗೆ ನೆಲದ ಕಡೆಗೆ ಒತ್ತಿದ.

ನಿಲ್ಲಿಸಿದೆ. ಮನೆಯಲ್ಲಿ ಸದ್ದಿರಲಿಲ್ಲ. ಅವನ ಬಲಗಾಲು ಮಾತ್ರ ಅದೇ ವೇಗದಲ್ಲಿ ನೆಲ ಬಡಿಯುತ್ತಲೇ ಇತ್ತು.